‘ಸಂಸ್ಕಾರ’ದ ಇಲಿ: ಪ್ರತೀಕವೊ, ಚರಿತ್ರೆಯೊ?

ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಕಾದಂಬರಿಯನ್ನು ಕುರಿತು ಕನ್ನಡದಲ್ಲಿಯೂ ಹೊರಗಿನ ನುಡಿಗಳಲ್ಲಿಯೂ ಬೆಳೆದು ನಿಂತಿರುವ ವಿಮರ್ಶೆಯ ರಾಶಿಗೆ ಇನ್ನೊಂದು ಹಿಡಿಯನ್ನು ಸೇರಿಸುವ ಅಗತ್ಯವೇನೆಂದು ವಾಚಕರು ಕೇಳಬಹುದು; ಅದರಲ್ಲಿಯೂ ಸಾಹಿತ್ಯದ ಅಧ್ಯಾಪಕರಲ್ಲದ, ಇತಿಹಾಸವನ್ನು ಪಾಠ ಹೇಳುವ ನಮ್ಮಂಥವರಿಗೆ ಈ ಕೆಲಸದಲ್ಲಿ ಅಧಿಕಾರವೇನೆಂದೂ ಕೇಳಬಹುದು. ಇದಕ್ಕೆ ನಮ್ಮಲ್ಲಿರುವ ಉತ್ತರ ಒಂದು ಪ್ರಶ್ನೆಯೇ; ಅದು ನಮ್ಮದೂ ಅಲ್ಲ. ಜಮಖಂಡಿಯ ತರಗತಿಯೊಂದರಲ್ಲಿ ಮುಂಬಯಿ ಪ್ರಾಂತದ ಪ್ಲೇಗಿನ ಚರಿತ್ರೆಯನ್ನು ಹೇಳುತ್ತ, ವಿದ್ಯಾರ್ಥಿಗಳಿಗೆ ವಿಷಯ ಹತ್ತಿರವಾಗಲೆಂದು ‘ಸಂಸ್ಕಾರ’ದ ಮಾತನ್ನೆತ್ತಿದೆವು. ನಾರಣಪ್ಪನ ಹೆಣ, ಅಗ್ರಹಾರದ ಸಂಕಟ, ಸಂಸ್ಕಾರ ಎಂಬ ಪದದ ನಾನಾರ್ಥಗಳು, ಇವನ್ನೆಲ್ಲ ವಾಡಿಕೆಯಂತೆ ವಿವರಿಸಿದ್ದಾಯಿತು. ಕಾದಂಬರಿಯನ್ನು ಆಗಲೇ ಓದಿಕೊಂಡಿದ್ದ, ಬನಹಟ್ಟಿಯ ನೇಕಾರ ಮನೆತನದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಸರ, ಆ ಗುಡಸಲದಾಗ ಸತ್ತವರ ಸಂಸ್ಕಾರ ಯಾರು ಮಾಡಿದರ್ರಿ?” ಎಂದು ಕೇಳಿದಳು.

ಆ ದಿನ ನಾವು ಕೊಟ್ಟ ಉತ್ತರ ಉತ್ತರವಾಗಿರಲಿಲ್ಲ. ಮನೆಗೆ ಬಂದು ಕಾದಂಬರಿಯನ್ನು ಮೊದಲಿನಿಂದ ಓದಿದೆವು. ಅದರ ಮೇಲಿನ ಲೇಖನಗಳಲ್ಲಿ ಕೈಗೆ ಸಿಕ್ಕವನ್ನೂ ಓದಿದೆವು. ಕಾದಂಬರಿಯಲ್ಲಿ ಆ ಪ್ರಶ್ನೆಗೆ ಉತ್ತರವಿದೆ. ವಿಮರ್ಶೆಯಲ್ಲಿ ಪ್ರಶ್ನೆಯೇ ಅಪರೂಪ. ಈ ಅಂತರವೇ ಪ್ರಕೃತ ಲೇಖನದ ವಿಷಯ.

ಕಥೆಯನ್ನು ಬಲ್ಲವರಿಗೆ ಎರಡು ಮಾತು ಸಾಕು. ತುಂಗಾತೀರದ ದೂರ್ವಾಸಪುರವೆಂಬ ಮಾಧ್ವರ ಅಗ್ರಹಾರದಲ್ಲಿ, ಶಿವಮೊಗ್ಗೆಗೆ ಹೋಗಿ ಜ್ವರ ಹೊತ್ತು ಮರಳಿದ ನಾರಣಪ್ಪ ಸಾಯುತ್ತಾನೆ. ಸಾಲಿಗ್ರಾಮವನ್ನು ಹೊಳೆಗೆ ಎಸೆದವನು, ಮದ್ಯಮಾಂಸ ಮುಟ್ಟಿದವನು, ಕುಂದಾಪುರದ ಚಂದ್ರಿಯನ್ನು ಇಟ್ಟುಕೊಂಡವನು. ಆದರೆ ಜಾತಿಯಿಂದ ಬಹಿಷ್ಕೃತನಾಗದೆ ಬ್ರಾಹ್ಮಣನಾಗಿಯೇ ಸತ್ತವನು. ಅವನ ದಹನಸಂಸ್ಕಾರವನ್ನು ಯಾರು ಮಾಡಬೇಕು? ಹೆಣ ಇರುವವರೆಗೆ ಅಗ್ರಹಾರಕ್ಕೆ ಊಟವಿಲ್ಲ, ಪೂಜೆಯಿಲ್ಲ. ಕಾಶಿಯಲ್ಲಿ ಓದಿ ಬಂದ ಪ್ರಾಣೇಶಾಚಾರ್ಯರು ಗ್ರಂಥಗಳಲ್ಲಿ ಹುಡುಕುತ್ತಾರೆ, ದೊರೆಯದೆ ಮಾರುತಿಯ ಗುಡಿಗೆ ಹೋಗಿ ಹೂವಿನ ಪ್ರಸಾದಕ್ಕಾಗಿ ಕಾಯುತ್ತಾರೆ. ಮಾರುತಿ ಮಾತಾಡುವುದಿಲ್ಲ. ಹಿಂದಿರುಗುವಾಗ ಕಾಡಿನ ಕತ್ತಲೆಯಲ್ಲಿ ಚಂದ್ರಿಯ ಸಂಗವಾಗುತ್ತದೆ. ಅಷ್ಟರಲ್ಲಿ ಇಲಿಗಳು ಸಾಯುತ್ತಿವೆ, ರಣಹದ್ದುಗಳು ಮನೆಗಳ ಮೇಲೆ ಕುಳಿತಿವೆ. ರೋಗಿಷ್ಠೆಯಾದ ಹೆಂಡತಿ ಭಾಗೀರಥಿಯೂ ತೀರಿಕೊಂಡ ಮೇಲೆ ಆಚಾರ್ಯರು ಊರು ಬಿಟ್ಟು ನಡೆಯುತ್ತಾರೆ. ಮಾಲೇರ ಪುಟ್ಟನ ಜೊತೆಗೂಡಿ ಮೇಳಿಗೆಯ ತೇರಿನಲ್ಲಿ ಅಲೆದು, ಕೊನೆಗೆ ದೂರ್ವಾಸಪುರದ ದಾರಿ ಹಿಡಿಯುತ್ತಾರೆ. ತಲುಪಿದರೆಂದು ಕಾದಂಬರಿ ಹೇಳುವುದಿಲ್ಲ.

ಇಂಥ ಕಥೆಯನ್ನು ಅನ್ಯೋಕ್ತಿಯಾಗಿ ಓದುವ ಆಸೆ ಸಹಜವಾದುದು. ಹೆಣವೆಂದರೆ ಸತ್ತು ಕೊಳೆಯುತ್ತಿರುವ ಧರ್ಮ; ಪ್ಲೇಗೆಂದರೆ ಒಳಗಿನ ರೋಗ; ಕಾಡೆಂದರೆ ಕಾಮ; ತೇರೆಂದರೆ ಪ್ರಪಂಚ. ಹೀಗೆ ಎರಡು ಪಟ್ಟಿಗಳನ್ನು ಎದುರುಬದುರು ಬರೆದು ಪರೀಕ್ಷೆಯಲ್ಲಿ ಅಂಕ ಗಳಿಸಿದವರನ್ನು ನಾವೆಲ್ಲ ಕಂಡಿದ್ದೇವೆ. ಅಂಕ ಕೊಟ್ಟವರೂ ನಾವೇ.

ಅನ್ಯೋಕ್ತಿ ನಮ್ಮ ಸೀಮೆಗೆ ಹೊಸ ಸರಕಲ್ಲ. ಬೆಳುಗಲಿ ನಾಡಿನ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನನ್ನು ಮುಧೋಳದವರು ತಮ್ಮ ಕವಿಯೆಂದು ಇಂದಿಗೂ ಮೆರೆಸುತ್ತಾರೆ. ಅವನ ‘ಸಾಹಸಭೀಮವಿಜಯ’ದಲ್ಲಿ ಭೀಮನೆಂದರೆ ಕಲ್ಯಾಣ ಚಾಲುಕ್ಯ ದೊರೆ ಸತ್ಯಾಶ್ರಯ ಇರಿವಬೆಡಂಗ. ಪಂಪನು ಅರಿಕೇಸರಿಯನ್ನು ಅರ್ಜುನನೊಡನೆ ಬೆಸೆದಂತೆಯೇ ಇದೂ. ಈ ಬೆಸುಗೆಗೆ ಒಂದು ಸ್ಪಷ್ಟವಾದ ಲೆಕ್ಕವಿದೆ: ಭೀಮನಿಗೆ ಸಲ್ಲುವ ಪ್ರತಿಯೊಂದು ಹೊಗಳಿಕೆಯೂ ಅರಸನಿಗೆ ಸಲ್ಲಬೇಕು. ಆದರೆ ರನ್ನನನ್ನು ಓದಿದವರಿಗೆಲ್ಲ ಗೊತ್ತಿರುವಂತೆ ಲೆಕ್ಕ ಕೂಡಿ ಬರುವುದಿಲ್ಲ. ರಣರಂಗದ ಹೆಣಗಳ ನಡುವೆ ನಡೆದು ಬರುವ ದುರ್ಯೋಧನನು, ದ್ರೋಣನನ್ನೂ ದುಶ್ಶಾಸನನನ್ನೂ ಕರ್ಣನನ್ನೂ ಕಂಡು ಮರುಗುವ ದುರ್ಯೋಧನನು, ಯಾವ ಅರಸನಿಗೂ ಸಮೀಕರಣಗೊಳ್ಳದವನು, ಕಾವ್ಯವನ್ನು ಕೈಗೆ ತೆಗೆದುಕೊಂಡುಬಿಡುತ್ತಾನೆ. ನಾವು ಇಂದು ‘ಗದಾಯುದ್ಧ’ವನ್ನು ಓದುವುದು ಸತ್ಯಾಶ್ರಯನಿಗಾಗಿ ಅಲ್ಲ. ಅನ್ಯೋಕ್ತಿಯ ಕಟ್ಟು ಒಡೆದಲ್ಲಿ ಕಾವ್ಯ ಬದುಕಿತು. ‘ಸಂಸ್ಕಾರ’ಕ್ಕೂ ಈ ಅಳತೆಗೋಲನ್ನು ಹಿಡಿದು ನೋಡಬಹುದೆಂದು ನಮಗೆ ತೋರುತ್ತದೆ.

ಹೆಸರುಗಳಿಂದ ತೊಡಗೋಣ. ಶಾಪಕ್ಕೆ ಹೆಸರಾದ ಋಷಿಯ ಹೆಸರಿನ ಊರು. ಪಕ್ಕದಲ್ಲಿ ಸ್ಮಾರ್ತರ, ಒಂದಿಷ್ಟು ರಸಿಕತೆಯ ಪಾರಿಜಾತಪುರ. ಪವಿತ್ರ ನದಿಯ ಹೆಸರನ್ನು ಹೊತ್ತ ಭಾಗೀರಥಿ ಬತ್ತಿದವಳು. ದುರಾಸೆಯ ಇಬ್ಬರು ಬ್ರಾಹ್ಮಣರಿಗೆ ಗರುಡ, ಲಕ್ಷ್ಮಣ ಎಂಬ ಹೆಸರು. ಇವೆಲ್ಲ ಕೊಂಚ ಸುಲಭವಾದ ವ್ಯಂಗ್ಯಗಳೇ. ಆದರೆ ಪ್ರಾಣೇಶ ಎಂಬ ಹೆಸರಿನಲ್ಲಿ ಇನ್ನೂ ಆಳವಾದುದೊಂದಿದೆ. ಮಾಧ್ವ ಸಂಪ್ರದಾಯದಲ್ಲಿ ವಾಯುವೇ ಮುಖ್ಯಪ್ರಾಣ, ಹನುಮಂತ ಅವನ ಅವತಾರ. ಪ್ರಾಣೇಶನೆಂಬ ಹೆಸರಿನವನು ಮಾರುತಿಯ ಮುಂದೆ ಕುಳಿತು ಬಲಗಡೆಯ ಹೂವನ್ನೊ ಎಡಗಡೆಯ ಹೂವನ್ನೊ ಕೊಡೆಂದು ಬೇಡುವಾಗ ಅವನು ತನ್ನನ್ನೇ ಕೇಳಿಕೊಳ್ಳುತ್ತಿದ್ದಾನೆ; ಅಲ್ಲಿಯ ಮೌನ ಅವನದೇ ಮೌನ. ಇದು ಪಟ್ಟಿಗೆ ಸಿಕ್ಕುವ ಪ್ರತೀಕವಲ್ಲ, ಪ್ರಸಂಗದ ಒಡಲಿನಿಂದಲೇ ಹುಟ್ಟಿದುದು.

ಈಗ ಇಲಿಯ ವಿಚಾರ. ಇಲ್ಲಿ ನಾವು ನಮ್ಮ ವೃತ್ತಿಯ ಮಾತನ್ನು ಆಡಲೇಬೇಕು.

ಪ್ಲೇಗು 1896ರಲ್ಲಿ ಮುಂಬಯಿಗೆ ಬಂದಿತು. ಮರುವರ್ಷವೇ ಸಾಂಕ್ರಾಮಿಕ ರೋಗಗಳ ಕಾಯಿದೆ ಹೊರಟಿತು. ಪುಣೆಯಲ್ಲಿ ಮನೆ ಶೋಧಿಸುವ ದಬ್ಬಾಳಿಕೆಯ ಫಲವಾಗಿ 1897ರ ಜೂನಿನಲ್ಲಿ ಪ್ಲೇಗಿನ ಅಧಿಕಾರಿ ರ‍್ಯಾಂಡ್‌ನ ಮೇಲೆ ಗುಂಡು ಹಾರಿತು. 1898ರ ಹೊತ್ತಿಗೆ ರೋಗವು ಹುಬ್ಬಳ್ಳಿ, ಧಾರವಾಡಗಳನ್ನು ಹಿಡಿದಿತ್ತು; ಬೆಂಗಳೂರು, ಮೈಸೂರುಗಳನ್ನೂ ಮುಟ್ಟಿತ್ತು. ಹಾಫ್‌ಕಿನ್‌ನ ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಚುಚ್ಚಿದ ಮೊದಮೊದಲ ಊರುಗಳಲ್ಲಿ ಹುಬ್ಬಳ್ಳಿ ಒಂದು. ಅದೇ 1898ರಲ್ಲಿ ಸಿಮೋಂಡ್ ಎಂಬ ಫ್ರೆಂಚ್ ವೈದ್ಯನು ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುತ್ತದೆಂದು ತೋರಿಸಿದನು. ವಿದ್ವಾಂಸರು ಅದನ್ನು ಒಪ್ಪಲು ಹತ್ತು ವರ್ಷ ಬೇಕಾಯಿತು. ನಮ್ಮ ಹಳ್ಳಿಗರಿಗೆ ಅಷ್ಟು ಕಾಲ ಬೇಕಾಗಲಿಲ್ಲ. ಚಿಗಟದ ಮಾತು ಗೊತ್ತಿಲ್ಲದಿದ್ದರೂ ಇಲಿ ಬಿದ್ದಿತೆಂದರೆ ಊರು ಬಿಡಬೇಕೆಂಬುದು ಅವರಿಗೆ ಗೊತ್ತಾಯಿತು. ಬೀಳಗಿಯ ಕಡೆಯವರಾದ ನಮ್ಮ ಅಜ್ಜಿ, ತಮ್ಮ ಅತ್ತೆಯ ಬಾಯಿಂದ ಕೇಳಿದ್ದನ್ನು ಹೇಳುತ್ತಿದ್ದರು: ಮನೆಯಲ್ಲಿ ಒಂದು ಇಲಿ ಸತ್ತು ಬಿದ್ದರೆ ಅಂದೇ ಕಾಳುಕಡಿ ಹೊತ್ತುಕೊಂಡು ಹೊಲಕ್ಕೆ ಹೋಗಿ ಗುಡಿಸಲು ಹಾಕುವುದು, ತಿಂಗಳುಗಟ್ಟಲೆ ಊರ ಬಾಗಿಲಿಗೆ ಕಾಲಿಡದಿರುವುದು. ಓದುಬರಹವಿಲ್ಲದವರ ಜ್ಞಾನವಿದು.

ಹಾಗಿದ್ದಲ್ಲಿ ದೂರ್ವಾಸಪುರದವರಿಗೆ ಇಲಿಯ ಅರ್ಥವೇಕೆ ಆಗುವುದಿಲ್ಲ? ಇಲಿಗಳು ಹಗಲಿನಲ್ಲಿಯೇ ಹೊರಬಂದು ಗಿರಿಗಿರಿ ತಿರುಗಿ ಸಾಯುತ್ತವೆ. ಹದ್ದುಗಳನ್ನು ಬ್ರಾಹ್ಮಣರು ಜಾಗಟೆ ಬಾರಿಸಿ, ಶಂಖ ಊದಿ ಓಡಿಸುತ್ತಾರೆ. ನಾರಣಪ್ಪನ ಪಾಪವೇ ಈ ರೂಪ ತಾಳಿದೆಯೆಂದು ನಡುಗುತ್ತಾರೆ. ಪ್ಲೇಗೆಂಬ ಮಾತು ಮೊದಲು ಹೊಳೆಯುವುದು ಪಾರಿಜಾತಪುರದ ಲೌಕಿಕ ವ್ಯವಹಾರಸ್ಥ ಮಂಜಯ್ಯನಿಗೆ, ಅದೂ ಪತ್ರಿಕೆಯ ಸುದ್ದಿಯನ್ನು ಕಂಡ ಮೇಲೆ. ಕೇವಲ ವಾಸ್ತವದ ದೃಷ್ಟಿಯಿಂದ ನೋಡಿದರೆ ಇದು ಕಾದಂಬರಿಯ ದೋಷವೆಂದು ನಾವು ಮೊದಲು ಬರೆದುಕೊಂಡಿದ್ದೆವು: ಪ್ಲೇಗಿನ ಪರಿಚಯವಾಗಿ ಬಹುಕಾಲ ಸಂದ ಮೈಸೂರು ಸೀಮೆಯಲ್ಲಿ ಇಷ್ಟು ಅಜ್ಞಾನ ನಂಬತಕ್ಕುದಲ್ಲ, ಅನ್ಯೋಕ್ತಿಯ ಅನುಕೂಲಕ್ಕಾಗಿ ಲೇಖಕರು ಚರಿತ್ರೆಯನ್ನು ಬದಿಗೆ ಸರಿಸಿದ್ದಾರೆ, ಎಂದು. ಆ ಅಭಿಪ್ರಾಯವನ್ನು ಈಗ ಹಿಂದಕ್ಕೆ ತೆಗೆದುಕೊಳ್ಳುತ್ತೇವೆ. ಏಕೆಂದರೆ ಗುರುತುಗಳನ್ನು ತಪ್ಪಾಗಿ ಓದುವುದೇ ಈ ಕೃತಿಯ ನಿಜವಾದ ವಸ್ತು. ಕಣ್ಣೆದುರು ಬಿದ್ದ ಇಲಿಯೆಂಬ ಸಾಕ್ಷ್ಯವನ್ನು ಬಿಟ್ಟು ಗುಡಿಯಲ್ಲಿ ಬೀಳದ ಹೂವಿಗಾಗಿ ಕಾಯುವ ಸಮಾಜವೊಂದರ ಕಥೆಯಿದು. ಅವರು ಇಲಿಯನ್ನು ಪ್ರತೀಕವಾಗಿ ಓದಿದರು, ಆದುದರಿಂದಲೇ ಸತ್ತರು.

ಈಗ ಬನಹಟ್ಟಿಯ ವಿದ್ಯಾರ್ಥಿನಿಯ ಪ್ರಶ್ನೆಗೆ ಬರೋಣ. ಅಗ್ರಹಾರದ ಆಚೆ ಅಸ್ಪೃಶ್ಯರ ಗುಡಿಸಲುಗಳಿವೆ. ಅಲ್ಲಿಯೂ ಜ್ವರ ಬಂದಿದೆ, ಅಲ್ಲಿಯೂ ಇಲಿಗಳು ಬಂದಿವೆ. ಸತ್ತವರನ್ನು ಗುಡಿಸಲಿನೊಳಗೇ ಇಟ್ಟು, ಗುಡಿಸಲಿಗೆ ಬೆಂಕಿಯಿಡುತ್ತಾರೆ. ಇದು ನಮಗೆ ತಿಳಿಯುವುದು ಬೆಳ್ಳಿಯ ಮಾತಿನಿಂದ. ಅವಳನ್ನು ಕೂಡಲು ಕತ್ತಲೆಯಲ್ಲಿ ಬಂದ ಶ್ರೀಪತಿಗೆ ಆ ಮಾತು ಕಿವಿಗೇ ಬೀಳುವುದಿಲ್ಲ. ಕೆಲವೇ ಸಾಲುಗಳ ಪ್ರಸಂಗವಿದು. ಆದರೆ ಎರಡು ಸಾವುಗಳನ್ನು ಒಟ್ಟಿಗೆ ಇಟ್ಟು ನೋಡಿರಿ. ಒಂದು ಹೆಣಕ್ಕಾಗಿ ಊರೂರು ಅಲೆದಾಟ, ಮಠದ ಅಪ್ಪಣೆ, ಶಾಸ್ತ್ರದ ಶೋಧ, ಒಡವೆಯ ಆಸೆ, ಉಪವಾಸ. ಮತ್ತೊಂದು ಕಡೆಯ ಹೆಣಗಳಿಗೆ ಯಾರೂ ಏನನ್ನೂ ಕೇಳಲಿಲ್ಲ. ರೋಗದ ಮನೆಯನ್ನು ಸುಡುವ, ವೈದ್ಯನೂ ಮೆಚ್ಚಬಹುದಾದ ಕ್ರಮ ಅಲ್ಲಿ ತಾನಾಗಿಯೇ ನಡೆಯಿತು. ಅಗ್ರಹಾರ ಆ ಬೆಂಕಿಯನ್ನು ದೂರದಿಂದ ನೋಡಬಲ್ಲಷ್ಟು ಹತ್ತಿರದಲ್ಲಿತ್ತು. ಅದನ್ನು ಸುದ್ದಿಯೆಂದು ಅದು ತಿಳಿಯಲಿಲ್ಲ.

ಲೇಖಕರು ಈ ಕಾದಂಬರಿಯ ಹುಟ್ಟನ್ನು ಕುರಿತು ತಾವೇ ಹೇಳಿಕೊಂಡ ಎರಡು ನೆನಪುಗಳು ಇಲ್ಲಿ ಪ್ರಸ್ತುತವಾಗುತ್ತವೆ. ಮೊದಲನೆಯದು ಪ್ರಸಿದ್ಧವಾದುದು: ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆ ಮಾಡುತ್ತಿದ್ದಾಗ ಪ್ರಾಧ್ಯಾಪಕ ಮಾಲ್ಕಂ ಬ್ರಾಡ್‌ಬರಿಯವರೊಡನೆ ಬರ್ಗ್‌ಮನ್ನನ ‘ದಿ ಸೆವೆಂತ್ ಸೀಲ್’ (1957) ಚಿತ್ರವನ್ನು ನೋಡಿದ್ದು. ಅದೂ ಪ್ಲೇಗಿನ ಚಿತ್ರ. ಸಾವಿನೊಡನೆ ಚದುರಂಗವಾಡುವ ಸರದಾರನ ಕಥೆ, ಅನ್ಯೋಕ್ತಿಯ ಪರಾಕಾಷ್ಠೆ. ಎರಡನೆಯದು ತೀರ್ಥಹಳ್ಳಿಯ ಕಡೆಯ ಬಾಲ್ಯದ್ದು: ಊರಿಗೆ ಪ್ಲೇಗು ಬಂದಾಗ ಚುಚ್ಚುಮದ್ದು ಅಗ್ರಹಾರಕ್ಕೆ ಬಂದಿತು, ಅಸ್ಪೃಶ್ಯರ ಗುಡಿಸಲುಗಳಿಗೆ ಹೋಗಲಿಲ್ಲ, ಅಲ್ಲಿಯವರು ಸತ್ತರು, ಗುಡಿಸಲುಗಳು ಉರಿದವು. ಈ ಎರಡು ನೆನಪುಗಳಲ್ಲಿ ವಿಮರ್ಶೆಯು ಮೊದಲನೆಯದನ್ನೇ ಹೆಚ್ಚಾಗಿ ಅಪ್ಪಿಕೊಂಡಿತು. ಎರಡನೆಯದು ಶುದ್ಧ ಚರಿತ್ರೆ. ಯಾರ ತೋಳಿಗೆ ಸೂಜಿ ಚುಚ್ಚಿತು, ಯಾರ ತೋಳಿಗೆ ಚುಚ್ಚಲಿಲ್ಲ ಎಂಬುದು ಯಾವುದರ ಪ್ರತೀಕವೂ ಅಲ್ಲ. ಕಾದಂಬರಿಯಲ್ಲಿ ಎರಡೂ ಇವೆ. ಒಂದರ ಮೇಲೊಂದು ಕುಳಿತಿವೆ. ಮೇಲಿನದನ್ನು ಓದಿದವರು ಬಹಳ.

ಈ ಸಮಸ್ಯೆ ಕನ್ನಡಕ್ಕೆ ಮಾತ್ರ ಸೇರಿದುದಲ್ಲ. ಆಲ್ಬೇರ್ ಕಾಮುವಿನ ‘ಪ್ಲೇಗು’ ಕಾದಂಬರಿಯು 1947ರಲ್ಲಿ ಬಂದಾಗ ಅದು ನಾಜಿಗಳ ಆಕ್ರಮಣಕ್ಕೆ ಒಳಗಾದ ಫ್ರಾನ್ಸಿನ ಅನ್ಯೋಕ್ತಿಯೆಂದು ಎಲ್ಲರೂ ತಿಳಿದರು. 1955ರಲ್ಲಿ ರೋಲಾಂ ಬಾರ್ತ್ ಅದನ್ನು ಆಕ್ಷೇಪಿಸಿದನು: ಮನುಷ್ಯರು ಮನುಷ್ಯರಿಗೆ ಮಾಡಿದ ಕೇಡನ್ನು ರೋಗಾಣುವಿನ ಕೇಡಾಗಿಸಿದರೆ ಹೊಣೆ ಹೊರಬೇಕಾದವರು ಮರೆಯಾಗುತ್ತಾರೆಂಬುದು ಅವನ ವಾದದ ತಿರುಳು. ಕಾಮು ಅದನ್ನು ಒಪ್ಪಲಿಲ್ಲ. ಆ ಜಗಳದ ತೀರ್ಪು ನಮ್ಮ ಕೆಲಸವಲ್ಲ. ಆದರೆ ‘ಸಂಸ್ಕಾರ’ದ ವಿಷಯದಲ್ಲಿ ಆಕ್ಷೇಪಣೆಯನ್ನು ತಿರುಗಿಸಿ ಹೇಳಬೇಕಾಗುತ್ತದೆ. ಇಲ್ಲಿ ಹೊಣೆಗಾರರನ್ನು ಮರೆಮಾಡಿದ್ದು ಕಾದಂಬರಿಗಿಂತ ಹೆಚ್ಚಾಗಿ ನಮ್ಮ ಓದು. ಎ. ಕೆ. ರಾಮಾನುಜನ್ನರ ಇಂಗ್ಲಿಷ್ ಅನುವಾದ 1976ರಲ್ಲಿ ಪುಸ್ತಕವಾಗಿ ಬಂದಿತು. ಮರುವರ್ಷವೇ ವಿ. ಎಸ್. ನೈಪಾಲರು ಭಾರತವನ್ನು ಗಾಯಗೊಂಡ ನಾಗರಿಕತೆಯೆಂದು ಕರೆದ ತಮ್ಮ ಪುಸ್ತಕದಲ್ಲಿ ಆಚಾರ್ಯರನ್ನು ಎತ್ತಿಕೊಂಡು, ತನ್ನೊಳಗೇ ಮುಳುಗಿದ ಹಿಂದೂ ಮನಸ್ಸಿನ ಮಾದರಿಯನ್ನಾಗಿ ಮಾಡಿದರು. ಒಬ್ಬ ಮನುಷ್ಯನು ದೇಶಕ್ಕೇ ಪ್ರತೀಕವಾಗಿ ನಿಂತುಬಿಟ್ಟನು. ಬೆಳ್ಳಿಯ ಮನೆಯವರಿಗೆ ಆ ದೇಶದಲ್ಲಿ ಜಾಗ ಸಿಕ್ಕಲಿಲ್ಲ.

ಹಾಗೆಂದು ಕಾದಂಬರಿಯನ್ನು ಪೂರ್ತಿಯಾಗಿ ಸಮರ್ಥಿಸುವ ಇರಾದೆ ನಮಗಿಲ್ಲ. ಅನ್ಯೋಕ್ತಿ ಬಿಗಿಯಾದಲ್ಲೆಲ್ಲ ಕೃತಿ ಸೊರಗಿದೆ. ಅದಕ್ಕೆ ಮುಖ್ಯವಾದ ಸಾಕ್ಷ್ಯ ಹೆಂಗಸರದು. ಅಗ್ರಹಾರದ ಬ್ರಾಹ್ಮಣ ಸ್ತ್ರೀಯರು ಬಹುತೇಕ ಒಣಗಿದವರು, ಬತ್ತಿದವರು, ಹುಳಿಮುಖದವರು. ಚಂದ್ರಿ, ಬೆಳ್ಳಿ, ಮೇಳಿಗೆಯ ದಾರಿಯ ಪದ್ಮಾವತಿ, ಇವರೆಲ್ಲ ತುಂಬಿದವರು, ಮಣ್ಣಿನ ಚೆಲುವೆಯರು. ಹೂವುಗಳ ವಿಚಾರದಲ್ಲಿಯೂ ಇಂಥದೇ ವಿಭಜನೆ: ಎಲ್ಲರ ಹಿತ್ತಿಲ ಹೂವು ದೇವರಿಗೆ, ನಾರಣಪ್ಪನ ರಾತ್ರಿರಾಣಿ ಮೂಗಿಗೆ, ಚಂದ್ರಿಯ ಮುಡಿಗೆ. ಹೂವಿಗೆ ಇದು ಒಪ್ಪುತ್ತದೆ, ಹೆಂಗಸರಿಗೆ ಒಪ್ಪುವುದಿಲ್ಲ. ಕೆಳಜಾತಿಯ ಹೆಣ್ಣೆಂದರೆ ಸಮೃದ್ಧಿ ಎಂಬ ಸಮೀಕರಣವು, ಮೇಲ್ಜಾತಿಯ ಗಂಡಸಿನ ಹಸಿವಿನ ಕಡೆಯಿಂದ ಬರೆದ ಲೆಕ್ಕ. ಗರುಡ, ಲಕ್ಷ್ಮಣರ ವ್ಯಂಗ್ಯಚಿತ್ರಗಳೂ ಅಷ್ಟೇ. ನಗಿಸುತ್ತವೆ, ನೆನಪಿನಲ್ಲಿ ಉಳಿಯುವುದಿಲ್ಲ.

ಇನ್ನೊಂದು ಕೊರತೆ ಇತಿಹಾಸದವರ ಕಣ್ಣಿಗೆ ಬೇಗ ಬೀಳತಕ್ಕದ್ದು: ಭೂಮಿ. ಅಗ್ರಹಾರವೆಂದರೆ ಮೊದಲಿಗೆ ಒಂದು ಭೂವ್ಯವಸ್ಥೆ. ಅರಸರು ಬ್ರಾಹ್ಮಣರಿಗೆ ಬಿಟ್ಟ ನೆಲ, ಅದನ್ನು ಉಳುವ ಒಕ್ಕಲು, ಬರುವ ಗೇಣಿ. ನಮ್ಮ ಭಾಗದ ಶಾಸನಗಳು ಈ ಮಾತನ್ನೇ ಮತ್ತೆ ಮತ್ತೆ ಹೇಳುತ್ತವೆ. ಜಮಖಂಡಿ, ಮುಧೋಳಗಳ ಸಂಸ್ಥಾನಗಳು 1948ರಲ್ಲಿ ಮುಂಬಯಿ ರಾಜ್ಯದಲ್ಲಿ ಲೀನವಾದವು. ಅದೇ ವರ್ಷ ಮುಂಬಯಿಯ ಗೇಣಿ ಕಾಯಿದೆ ಬಂದಿತು. ಕರ್ನಾಟಕದಾದ್ಯಂತ ಗೇಣಿಪದ್ಧತಿ ಕಾನೂನಿನ ಪ್ರಕಾರ ಕೊನೆಗೊಂಡುದು 1974ರ ಮಾರ್ಚ್ 1ರಂದು. ಅಗ್ರಹಾರಗಳನ್ನು ಇಲಿಗಿಂತ ಹೆಚ್ಚಾಗಿ ಮುರಿದುದು ಈ ಕಾಯಿದೆಗಳು, ಜೊತೆಗೆ ಪಟ್ಟಣದ ನೌಕರಿ. ‘ಸಂಸ್ಕಾರ’ದಲ್ಲಿ ಒಕ್ಕಲುಗಳ ಸುಳಿವು ತೀರ ಕಡಮೆ. ಕುಸಿತವೆಲ್ಲ ಒಳಗಿನದು, ಕಾಮಲೋಭಗಳದು. ಒಂದೇ ಒಂದು ಕಡೆ ನಿಜವಾದ ಆರ್ಥಿಕ ಸತ್ಯ ತಲೆಯೆತ್ತುತ್ತದೆ: ಮಠದ ಗುರುಗಳು ಸಂಸ್ಕಾರವಾಗಲೇಬೇಕೆಂದು ಹೇಳಿ, ನಾರಣಪ್ಪನ ಆಸ್ತಿಯು ಮಠಕ್ಕೆ ಸಲ್ಲಬೇಕೆನ್ನುವ ಪ್ರಸಂಗ. ಅಲ್ಲಿ ಲೇಖಕರು ಅನ್ಯೋಕ್ತಿಯನ್ನು ಮರೆತಿದ್ದಾರೆ. ಆ ಪುಟ ಕಾದಂಬರಿಯ ಒಳ್ಳೆಯ ಪುಟಗಳಲ್ಲೊಂದು. ಇದಕ್ಕೆ ಎಂಟು ವರ್ಷ ಮೊದಲು ಪ್ರಕಟವಾದ ರಾವಬಹಾದ್ದೂರರ ‘ಗ್ರಾಮಾಯಣ’ (1957), ನಮ್ಮ ಉತ್ತರ ಕರ್ನಾಟಕದ ಹಳ್ಳಿಯೊಂದರ ವಿನಾಶವನ್ನು ಅನ್ಯೋಕ್ತಿಯ ಆಸರೆಯಿಲ್ಲದೆ, ಹೆಸರಿನ ಒಂದು ಶ್ಲೇಷೆಯನ್ನು ಬಿಟ್ಟರೆ, ಊರಿನ ಜಗಳಗಳ ಮೂಲಕವೇ ಹೇಳಿತು. ಅದನ್ನು ಓದಿದವರ ಸಂಖ್ಯೆ ಇದರ ಓದುಗರ ಸಂಖ್ಯೆಯ ಹತ್ತಿರಕ್ಕೂ ಬಾರದು. ಪ್ರತೀಕಗಳು ಅನುವಾದದಲ್ಲಿ ಸುಲಭವಾಗಿ ಗಡಿ ದಾಟುತ್ತವೆ. ಊರಿನ ಜಗಳಗಳು ದಾಟುವುದಿಲ್ಲ.

ಇಷ್ಟೆಲ್ಲ ಆಕ್ಷೇಪಿಸಿದ ಮೇಲೂ ಈ ಕಾದಂಬರಿ ನಮ್ಮನ್ನು ಬಿಡದಿರುವುದು ಯಾತಕ್ಕೆ? ಚಂದ್ರಿಯಿಂದಾಗಿ ಎಂಬುದು ನಮ್ಮ ಉತ್ತರ. ರನ್ನನಲ್ಲಿ ದುರ್ಯೋಧನನು ಮಾಡಿದ ಕೆಲಸವನ್ನು ಇಲ್ಲಿ ಅವಳು ಮಾಡುತ್ತಾಳೆ. ಅನ್ಯೋಕ್ತಿಯಲ್ಲಿ ಅವಳಿಗೆ ಒಪ್ಪಿಸಿದ ಪಾತ್ರ ಆಚಾರ್ಯರನ್ನು ಎಚ್ಚರಿಸುವ ಹೆಣ್ಣಿನದು. ಸೆರಗಿನಲ್ಲಿ ಕಟ್ಟಿ ತಂದ ಬಾಳೆಯ ಹಣ್ಣನ್ನು ತಿನ್ನಿಸಿದಲ್ಲಿಗೆ ಆ ಕೆಲಸ ಮುಗಿಯಬೇಕು. ಅವಳ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಆಚಾರ್ಯರು ಇನ್ನು ನೀನೇ ನಿರ್ಧರಿಸೆಂಬಂತೆ ನಿಂತಿರುವಾಗ, ಅವಳು ನೇರವಾಗಿ ನಾರಣಪ್ಪನ ಮನೆಗೆ ಹೋಗುತ್ತಾಳೆ. ಒಳಗಿರುವುದು ತನ್ನವನಲ್ಲ, ಬ್ರಾಹ್ಮಣನೂ ಅಲ್ಲ ಶೂದ್ರನೂ ಅಲ್ಲ, ನಾರುವ ಹೆಣವೆಂದು ತಿಳಿಯುತ್ತಾಳೆ. ಗಾಡಿಯ ಶೇಷಪ್ಪನನ್ನು ಕೇಳುತ್ತಾಳೆ, ಅವನು ಬ್ರಾಹ್ಮಣನ ಹೆಣ ಮುಟ್ಟಲು ಹೆದರುತ್ತಾನೆ. ಮೀನಿನ ವ್ಯಾಪಾರದ ಅಹಮದ್ ಬ್ಯಾರಿಯನ್ನು ಕೇಳುತ್ತಾಳೆ, ಅವನು ಹೂಂಗುಟ್ಟುತ್ತಾನೆ. ರಾತ್ರಿಯಲ್ಲಿಯೇ ಹೆಣ ಸುಟ್ಟು ಬೂದಿಯಾಗುತ್ತದೆ. ಚಂದ್ರಿ ಕುಂದಾಪುರಕ್ಕೆ ಹೊರಟುಹೋಗುತ್ತಾಳೆ. ಇಡೀ ಕಾದಂಬರಿಯ ಪ್ರಶ್ನೆಯನ್ನು ಅವಳು ಪ್ರಶ್ನೆಯೆಂದೇ ಎಣಿಸಲಿಲ್ಲ.

ಗುಡಿಸಲುಗಳ ಬೆಂಕಿಗೂ ಈ ಬೆಂಕಿಗೂ ಇರುವ ನಂಟನ್ನು ಗಮನಿಸಬೇಕು. ಎರಡೂ ಕಡೆ ಹೆಣವನ್ನು ಹೆಣವೆಂದು ಕಂಡವರಿದ್ದಾರೆ, ಮಂತ್ರವಿಲ್ಲ, ತಡವಿಲ್ಲ. 1970ರಲ್ಲಿ ಪಟ್ಟಾಭಿರಾಮರೆಡ್ಡಿಯವರು ತೆಗೆದ ಚಲನಚಿತ್ರವನ್ನು ಸೆನ್ಸಾರಿನವರು ಮೊದಲು ತಡೆದರು, ಆಮೇಲೆ ಅದಕ್ಕೆ ರಾಷ್ಟ್ರಪತಿಯ ಸ್ವರ್ಣಪದಕ ಬಂದಿತು. ಬ್ರಾಹ್ಮಣರ ಅವಹೇಳನವೆಂಬ ಆಕ್ಷೇಪಣೆಯೂ ಕೃತಿಯನ್ನು ಬಹುಕಾಲ ಬೆನ್ನಟ್ಟಿತು. ವಿರೋಧಿಸಿದವರಾಗಲಿ ಸಮರ್ಥಿಸಿದವರಾಗಲಿ ಜಗಳವಾಡಿದುದು ಆಚಾರ್ಯರನ್ನು ಹಿಡಿದುಕೊಂಡು. ಬ್ಯಾರಿಯ ಹೆಸರನ್ನು ಯಾರೂ ಹೆಚ್ಚಾಗಿ ಎತ್ತಲಿಲ್ಲ.

ಮುಂದಿನ ವಾರ ತರಗತಿಯಲ್ಲಿ ಆ ವಿದ್ಯಾರ್ಥಿನಿಗೆ ನಾವು ಪುಟ ತೆರೆದು ತೋರಿಸಿದೆವು: ಗುಡಿಸಲಿನವರ ಸಂಸ್ಕಾರವನ್ನು ಗುಡಿಸಲಿನವರೇ ಮಾಡಿದರು, ನಾರಣಪ್ಪನದನ್ನು ಚಂದ್ರಿ ಮತ್ತು ಬ್ಯಾರಿ ಮಾಡಿದರು. ಅವಳು ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ಮತ್ತ ಇದು ಆಚಾರ್ಯರಿಗೆ ಯಾವಾಗ ಗೊತ್ತಾತ್ರಿ?” ಎಂದಳು. ಹೆಣ ಸುಟ್ಟುದನ್ನು ಓದುಗ ಬಲ್ಲ, ಚಂದ್ರಿ ಬಲ್ಲಳು, ಬ್ಯಾರಿ ಬಲ್ಲ. ಕದ್ದು ಸುಡಲೆಂದು ಬಂದ ನಾರಣಪ್ಪನ ಗೆಳೆಯರು ಹೆಣ ಕಾಣದೆ ದೆವ್ವವೆಂದು ಓಡಿಹೋದರು. ಅಗ್ರಹಾರದವರು ಬರಿದಾದ ಮನೆಯ ಮುಂದೆ ಉಪವಾಸ ಕುಳಿತೇ ಇದ್ದರು. ಆಚಾರ್ಯರು ಗಾಡಿಯಲ್ಲಿ ಕುಳಿತು ಮರಳಿ ಹೊರಟಾಗಲೂ ಅವರಿಗೆ ಯಾರೂ ಹೇಳಿರಲಿಲ್ಲ.